ಡಯಾಲಿಸಿಸ್‌ನಲ್ಲಿರುವವರ ಬಿಳಿ ರಕ್ತಕಣ ಮತ್ತು ಸೋಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಡಯಾಲಿಸಿಸ್‌ಗೆ ನಾಲ್ಕು ಗಂಟೆ ಕೂರುವವರಿಗೆ ಪ್ರಶ್ನೆ ಕೇಳಲು ಬೇಕಾದಷ್ಟು ಸಮಯ ಇರುತ್ತದೆ. ಉತ್ತರ ಹೇಳಬೇಕಾದವರಿಗೆ ಇರುವುದಿಲ್ಲ. ಹಾಗೆ ಉಳಿದುಹೋಗುವ ಪ್ರಶ್ನೆಗಳು ಇವು. ಹೆಚ್ಚಿನವು ಮಷೀನ್‌ನಲ್ಲಿ ರಕ್ತದ ಡಯಾಲಿಸಿಸ್ ಮಾಡಿಸಿಕೊಳ್ಳುವವರದ್ದು, ಕೆಲವು ಮನೆಯವರದ್ದು. ಇಲ್ಲಿ ಓದಿದ್ದನ್ನು ನೋಡಿ ಮಾತ್ರೆ, ಇಂಜೆಕ್ಷನ್ ಬದಲಾಯಿಸಬೇಡಿ. ಅದನ್ನು ನಿಮ್ಮ ಕಿಡ್ನಿ ಡಾಕ್ಟರ ಹತ್ತಿರವೇ ಕೇಳಿ.

ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ ನಾರ್ಮಲ್ ಅಂತಿದೆ. ಡಾಕ್ಟರು ಮಾತ್ರ ರೋಗನಿರೋಧಕ ಶಕ್ತಿ ಕಡಿಮೆ ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ರಕ್ತ ಪರೀಕ್ಷೆ ಎಣಿಸುವುದು ತಲೆಗಳನ್ನು, ಕೆಲಸವನ್ನಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಇದ್ದು, ಕಡತ ಮಾತ್ರ ಇದ್ದಲ್ಲೇ ಇರುವ ಆಫೀಸುಗಳು ಇರುತ್ತವಲ್ವಾ, ಹಾಗೆ.

ಒಟ್ಟು ಸಂಖ್ಯೆ ಸುಮಾರು 4,000ದಿಂದ 11,000ದ ಒಳಗಿದ್ದರೆ ನಾರ್ಮಲ್ ಎಂದು ಬರೆಯುತ್ತಾರೆ. ಇದರಲ್ಲಿ ದೊಡ್ಡ ಪಾಲು ನ್ಯೂಟ್ರೋಫಿಲ್ ಎಂಬ ಕಣಗಳದ್ದು. ಎಲ್ಲಾದರೂ ಗಾಯವಾದರೆ ಮೊದಲು ಓಡಿ ಹೋಗುವುದು ಇವೇ. ಅಲ್ಲಿ ರೋಗಾಣುವನ್ನು ನುಂಗಿ, ಹೊಟ್ಟೆಯೊಳಗೇ ಕೊಲ್ಲುತ್ತವೆ. ಕಿಡ್ನಿ ಕೈಕೊಟ್ಟವರಲ್ಲಿ ಈ ಕಣಗಳ ಓಟ ನಿಧಾನವಾಗುತ್ತದೆ. ನುಂಗುವುದು ಕಡಿಮೆ, ನುಂಗಿದ್ದನ್ನು ಕೊಲ್ಲುವುದು ಇನ್ನೂ ಕಡಿಮೆ. ಮೊದಲೇ ಕಡಿಮೆ ಆಯಸ್ಸಿನ ಈ ಕಣಗಳು ಇನ್ನೂ ಬೇಗ ಸಾಯುತ್ತವೆ. ಆದರೂ ಸಂಖ್ಯೆ ಸರಿಯಾಗೇ ಕಾಣುತ್ತದೆ. ಮೂಳೆಮಜ್ಜೆ ಹೊಸ ಕಣಗಳನ್ನು ಕಳಿಸುತ್ತಲೇ ಇರುತ್ತದಲ್ಲ.

ಅದೇ ರಿಪೋರ್ಟ್‌ನಲ್ಲಿ ಸ್ವಲ್ಪ ಕೆಳಗೆ ಲಿಂಫೋಸೈಟ್ ಎಂಬ ಸಾಲು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಡಯಾಲಿಸಿಸ್‌ನಲ್ಲಿರುವ ಬಹಳ ಮಂದಿಗೆ ಇದು ಕಡಿಮೆ ಇರುತ್ತದೆ. ಇದರೊಳಗೆ ಎರಡು ಬಗೆಯ ಮುಖ್ಯ ಕೋಶಗಳಿವೆ. ಬಿ ಕೋಶಗಳು ರೋಗಾಣುವನ್ನು ಹಿಡಿಯುವ ಪ್ರತಿಕಾಯ ತಯಾರಿಸುತ್ತವೆ. ಟಿ ಕೋಶಗಳು ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಗುರುತು ಹಿಡಿದು ಉಳಿದವರಿಗೆ ಹೇಳುತ್ತವೆ. ಡಯಾಲಿಸಿಸ್‌ನವರಲ್ಲಿ ಎರಡೂ ಇಳಿದಿರುತ್ತವೆ. ರೋಗಾಣುವಿನ ತುಣುಕು ತಂದು ಟಿ ಕೋಶಕ್ಕೆ ತೋರಿಸುವ ಡೆಂಡ್ರೈಟಿಕ್ ಕೋಶಗಳೂ ಕಡಿಮೆ. ಅಂದರೆ ಸುದ್ದಿ ಮುಟ್ಟಿಸುವವರೂ ಇಲ್ಲ, ಮುಟ್ಟಿದರೂ ಕೇಳಿಸಿಕೊಳ್ಳುವವರು ಸಾಲದು.

ನನಗಿನ್ನೂ ನಲವತ್ತು ವರ್ಷ. "ನಿಮ್ಮ ಇಮ್ಯುನಿಟಿ ವಯಸ್ಸಾದವರ ಹಾಗಿದೆ" ಅಂದರು. ಹೆದರಿಸೋದಕ್ಕೆ ಹೇಳಿದ್ದಾ?

ಅಲ್ಲ, ಲೆಕ್ಕವೇ ಹಾಗಿದೆ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ಹೊಸ ಟಿ ಕೋಶಗಳು ಅಲ್ಲಿ ತರಬೇತಿ ಮುಗಿಸಿ ಹೊರಗೆ ಬರುತ್ತವೆ. ವಯಸ್ಸಾದಂತೆ ಎಲ್ಲರಲ್ಲೂ ಈ ಗ್ರಂಥಿ ಕರಗುತ್ತಾ ಹೋಗುತ್ತದೆ. ಕಿಡ್ನಿ ವೈಫಲ್ಯದಲ್ಲಿ ಹೊಸ ಕೋಶಗಳ ಬರವು ಇನ್ನೂ ಬೇಗ ತಗ್ಗುತ್ತದೆ. ಉಳಿಯುವುದು ಹಳಬರು. ಹಳೆಯ ರೋಗಗಳ ನೆನಪು ಅವರಿಗೆ ಚೆನ್ನಾಗಿರುತ್ತದೆ, ಹೊಸ ರೋಗಾಣು ಬಂದರೆ ಗುರುತೇ ಸಿಗುವುದಿಲ್ಲ.

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಇದನ್ನು ಅಳೆದು ನೋಡಿದ್ದಾರೆ. 2011ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ಕಿಡ್ನಿ ಪೂರ್ತಿ ನಿಂತವರ ಟಿ ಕೋಶಗಳ ವಯಸ್ಸು ಅವರ ನಿಜವಾದ ವಯಸ್ಸಿಗಿಂತ 20ರಿಂದ 30 ವರ್ಷ ಮುಂದಿತ್ತು. ನಲವತ್ತರ ನಿಮ್ಮ ರಕ್ತದಲ್ಲಿ ಅರವತ್ತೈದರ ಟಿ ಕೋಶ ಇರಬಹುದು ಅಂದರೆ ಅದು ಉತ್ಪ್ರೇಕ್ಷೆ ಅಲ್ಲ. ಲಸಿಕೆ ಸರಿಯಾಗಿ ಹಿಡಿಯದಿರುವುದು, ಸರ್ಪಸುತ್ತು ಬರುವುದು, ಹಳೆಯ ಟಿಬಿ ಮತ್ತೆ ಎದ್ದು ಕೂರುವುದು, ಎಲ್ಲದರ ಬೇರೂ ಇಲ್ಲಿದೆ.

ಇದಕ್ಕೆಲ್ಲ ಕಾರಣ ಕಿಡ್ನಿಯಾ, ಡಯಾಲಿಸಿಸ್ಸಾ?

ಮುಖ್ಯವಾಗಿ ಕಿಡ್ನಿ. ಡಯಾಲಿಸಿಸ್ ಶುರುವಾಗುವ ಮೊದಲೇ ಈ ಬದಲಾವಣೆಗಳು ಕಾಣಿಸಿಕೊಂಡಿರುತ್ತವೆ. ಮೂತ್ರದಲ್ಲಿ ಹೊರಹೋಗಬೇಕಾದ ಕಸ ರಕ್ತದಲ್ಲೇ ಸುತ್ತುತ್ತಿದ್ದರೆ ಬಿಳಿ ಕಣಗಳಿಗೆ ಮಂಪರು ಹಿಡಿಯುತ್ತದೆ. ಯೂರಿಯಾ, ಕ್ರಿಯಾಟಿನಿನ್ ಚಿಕ್ಕ ಅಣುಗಳು, ಡಯಾಲಿಸಿಸ್‌ನಲ್ಲಿ ಇಳಿಯುತ್ತವೆ. ಆದರೆ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಾಲ್ ಸಲ್ಫೇಟ್‌ನಂಥವು ರಕ್ತದ ಪ್ರೋಟೀನ್‌ಗೆ ಅಂಟಿಕೊಂಡಿರುತ್ತವೆ. ಡಯಲೈಜರ್‌ನ ಜರಡಿಯಲ್ಲಿ ಅವು ಸರಿಯಾಗಿ ಸೋಸುವುದಿಲ್ಲ. ಇವು ಹುಟ್ಟುವುದಕ್ಕೆ ಕಾರಣ ನಮ್ಮ ಕರುಳಿನ ಬ್ಯಾಕ್ಟೀರಿಯಾ. ಜೊತೆಗೆ ವಿಟಮಿನ್ ಡಿ ಕೊರತೆ, ಊಟ ಸೇರದಿರುವುದು, ಬಹಳ ಮಂದಿಗೆ ಸಕ್ಕರೆ ಕಾಯಿಲೆ.

ಮಷೀನ್ ಪಾಲೂ ಇದೆ. ಅದರ ಕತೆ ಕೇಳುವ ಹಾಗಿದೆ. 1968ರಲ್ಲಿ ಅಮೆರಿಕದಲ್ಲಿ ಕ್ಯಾಪ್ಲೋ ಮತ್ತು ಗೋಫಿನೆಟ್ ಎಂಬಿಬ್ಬರು ಡಯಾಲಿಸಿಸ್ ನಡೆಯುವಾಗಲೇ ಬಿಳಿ ಕಣಗಳನ್ನು ಎಣಿಸಿದರು. ಶುರುವಾದ ಸ್ವಲ್ಪ ಹೊತ್ತಿನಲ್ಲೇ ನ್ಯೂಟ್ರೋಫಿಲ್‌ಗಳು ಧಡಕ್ಕನೆ ಕುಸಿದವು. ಆಮೇಲೆ ತಾವಾಗೇ ವಾಪಸ್ ಬಂದವು. ಎಲ್ಲಿಗೆ ಹೋಗಿದ್ದವು? 1977ರ ಹೊತ್ತಿಗೆ ಉತ್ತರ ಸಿಕ್ಕಿತು. ರಕ್ತವು ಸೆಲ್ಯುಲೋಸ್ ಪೊರೆಗೆ ತಾಗಿದಾಗ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳು ಕೆರಳುತ್ತವೆ. ಅದರಿಂದ ಬಿಳಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಈಗ ನಮ್ಮಲ್ಲಿ ಬಳಸುವ ಪಾಲಿಸಲ್ಫೋನ್ ಬಗೆಯ ಪೊರೆಗಳಲ್ಲಿ ಈ ಗಲಾಟೆ ಬಹಳ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ.

ಹಾಗಂತ ಡಯಾಲಿಸಿಸ್ ತಪ್ಪಿಸಿದರೆ ಶಕ್ತಿ ಉಳಿಯುತ್ತದೆ ಅಂದುಕೊಳ್ಳಬೇಡಿ. ಕಸ ಜಾಸ್ತಿ ಆದಷ್ಟೂ ಬಿಳಿ ಕಣಗಳ ಮಂಪರೂ ಜಾಸ್ತಿ.

ಸಿಆರ್‌ಪಿ ಯಾವಾಗಲೂ ಜಾಸ್ತಿ ತೋರಿಸುತ್ತದೆ. ಶಕ್ತಿ ಕಡಿಮೆಯಾದರೆ ಅದೂ ಕಡಿಮೆ ಇರಬೇಕಲ್ವಾ?

ಒಳ್ಳೆಯ ಪ್ರಶ್ನೆ. ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಡಯಾಲಿಸಿಸ್‌ನವರ ದೇಹ ಒಂದೇ ಕಾಲಕ್ಕೆ ಕೆರಳಿಯೂ ಇರುತ್ತದೆ, ಸೋತೂ ಇರುತ್ತದೆ. ಮಾನೋಸೈಟ್ ಎಂಬ ಬಿಳಿ ಕಣಗಳಲ್ಲಿ ಉರಿಯೂತ ಎಬ್ಬಿಸುವ ಒಂದು ಬಗೆ ಇವರಲ್ಲಿ ಹೆಚ್ಚಾಗಿರುತ್ತದೆ. ಸುಮ್ನೆ ದಿನವಿಡೀ ಕೂಗಾಡುವ ಕಾವಲುಗಾರನ ಹಾಗೆ. ಕಳ್ಳ ಬಂದ ದಿನವೂ ಅದೇ ಕೂಗು, ಬಾರದ ದಿನವೂ ಅದೇ. ಈ ಸದಾಕಾಲದ ಉರಿಯೂತ ರಕ್ತನಾಳ ಮತ್ತು ಹೃದಯವನ್ನು ಹಾಳು ಮಾಡುತ್ತದೆ. ಡಯಾಲಿಸಿಸ್‌ನವರ ಸಾವಿಗೆ ಮೊದಲ ಕಾರಣ ಹೃದಯದ ತೊಂದರೆ, ಎರಡನೆಯದು ಸೋಂಕು. ಎರಡಕ್ಕೂ ಇಲ್ಲಿ ನಂಟಿದೆ.

ಸಿಆರ್‌ಪಿಯನ್ನು ಒಂದು ಸಲದ ಅಂಕಿಯಿಂದ ಅಳೆಯಬೇಡಿ. ನಿಮ್ಮ ಹಿಂದಿನ ಅಂಕಿಗೆ ಹೋಲಿಸಿ. ಎಂಟು ಇದ್ದದ್ದು ಹತ್ತಾದರೆ ಒಂದು, ಎಂಬತ್ತಾದರೆ ಬೇರೆ ಮಾತು.

ಜ್ವರ ಇಲ್ಲ ಅಂದರೆ ಸೋಂಕು ಇಲ್ಲ ಅಂತ ತಾನೇ?

ಅಲ್ಲ. ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಕಿಡ್ನಿ ನಿಂತವರ ಮೈಬಿಸಿ ಸಾಮಾನ್ಯವಾಗಿಯೇ ಸ್ವಲ್ಪ ಕಡಿಮೆ ಇರುತ್ತದೆ. ದಿನಾ 97 ಡಿಗ್ರಿ ಫ್ಯಾರನ್‌ಹೀಟ್ ಇರುವವರಿಗೆ 99 ಅಂದರೆ ಅದು ಏರಿಕೆಯೇ. ಸೋಂಕು ರಕ್ತಕ್ಕೆ ಹೋದರೂ ಕೆಲವರಿಗೆ ಜ್ವರ ಬರುವುದಿಲ್ಲ. ಹಾಗಾಗಿ ಚೆನ್ನಾಗಿದ್ದ ದಿನಗಳಲ್ಲೇ ಒಂದೆರಡು ಸಲ ಥರ್ಮಾಮೀಟರ್ ಇಟ್ಟು ನಿಮ್ಮದು ಎಷ್ಟು ಎಂದು ಬರೆದಿಟ್ಟುಕೊಳ್ಳಿ.

ಜ್ವರದ ಬದಲು ಏನು ಕಾಣುತ್ತದೆ? ಇದ್ದಕ್ಕಿದ್ದಂತೆ ಊಟ ಬೇಡ ಅನ್ನುವುದು. ಬಿಪಿ ಯಾವತ್ತೂ ಇಲ್ಲದ ಹಾಗೆ ಇಳಿಯುವುದು. ಸಕ್ಕರೆ ಹತೋಟಿ ತಪ್ಪುವುದು. ವಯಸ್ಸಾದವರಲ್ಲಿ ಮಾತು ತೊದಲು, ಗೊಂದಲ, ಜಾಸ್ತಿ ನಿದ್ದೆ. "ಅಪ್ಪ ಯಾಕೋ ಇವತ್ತು ಸರಿ ಇಲ್ಲ" ಎಂದು ಮನೆಯವರು ಹೇಳುವ ಮಾತನ್ನು ನಾನು ಥರ್ಮಾಮೀಟರ್‌ಗಿಂತ ಜಾಸ್ತಿ ನಂಬುತ್ತೇನೆ.

ಕುತ್ತಿಗೆಯ ಲೈನ್ ಚೆನ್ನಾಗೇ ಓಡುತ್ತಿದೆ. ಕೈಗೆ ಫಿಸ್ಟುಲಾ ಆಪರೇಷನ್ ಯಾಕೆ ಬೇಕು?

ಬಿಳಿ ಕಣಗಳನ್ನು ಚುರುಕು ಮಾಡುವ ಮಾತ್ರೆ ಯಾವುದೂ ಇಲ್ಲ. ನಮ್ಮ ಕೈಯಲ್ಲಿರುವುದು ರೋಗಾಣು ಒಳಗೆ ಬರುವ ಬಾಗಿಲು ಮುಚ್ಚುವುದು. ಕುತ್ತಿಗೆಯ ಲೈನ್, ಅಂದರೆ ಕ್ಯಾಥೆಟರ್, ಹೊರಗಿನಿಂದ ನೇರ ಹೃದಯದ ಬಾಗಿಲಿಗೆ ಹಾಕಿದ ಪೈಪು. ಚರ್ಮದ ಕಾವಲು ಅಲ್ಲಿ ಇಲ್ಲ. ಪೈಪಿನ ಒಳಗೋಡೆಯ ಮೇಲೆ ಬ್ಯಾಕ್ಟೀರಿಯಾಗಳು ಜೈವಿಕ ಪದರ ಕಟ್ಟಿಕೊಂಡು ಕೂರುತ್ತವೆ. ಒದ್ದೆ ಕಲ್ಲಿನ ಮೇಲಿನ ಪಾಚಿಯ ಹಾಗೆ. ಆ ಪದರದೊಳಗೆ ಔಷಧಿಯೂ ಸರಿಯಾಗಿ ಇಳಿಯುವುದಿಲ್ಲ.

ಚರ್ಮದ ಮೇಲೆ, ಮೂಗಿನೊಳಗೆ ಸುಮ್ಮನಿರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇಲ್ಲಿ ದೊಡ್ಡ ಶತ್ರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೊರತಂದ ವರದಿಯಂತೆ, ಡಯಾಲಿಸಿಸ್‌ನಲ್ಲಿರುವವರ ರಕ್ತಕ್ಕೆ ಈ ಸೋಂಕು ಹೋಗುವ ಸಾಧ್ಯತೆ ಅಲ್ಲಿನ ಉಳಿದ ವಯಸ್ಕರಿಗಿಂತ 100 ಪಟ್ಟು ಹೆಚ್ಚು. ರಕ್ತಕ್ಕೆ ಇಳಿದ ಮೇಲೆ ಅದು ಹೃದಯದ ಕವಾಟದಲ್ಲೋ ಬೆನ್ನುಮೂಳೆಯಲ್ಲೋ ಮನೆ ಮಾಡಬಹುದು. ಲೈನ್ ಸೋಂಕು ಆಗಿ ಕೆಲವು ವಾರದ ಮೇಲೆ ಬೆನ್ನುನೋವು ಬಂದು ಬಿಡದಿದ್ದರೆ "ಕೂತು ಕೂತು ಬಂದಿದೆ" ಎಂದು ಎಣ್ಣೆ ಹಚ್ಚಿ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಕೈಯ ಫಿಸ್ಟುಲಾ ಬಂದಿದ್ದು 1966ರಲ್ಲಿ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಬ್ರೆಷಿಯಾ, ಸಿಮಿನೋ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಅದಕ್ಕೆ ಮೊದಲು, 1960ರಿಂದ, ಸಿಯಾಟಲ್‌ನ ಸ್ಕ್ರಿಬ್ನರ್ ಮಾಡಿದ ಟೆಫ್ಲಾನ್ ಕೊಳವೆ ಕೈಯ ಹೊರಗೇ ನೇತಾಡುತ್ತಿತ್ತು. ಸೋಂಕು, ಹೆಪ್ಪುಗಟ್ಟುವಿಕೆ ಎರಡೂ ಕಾಡುತ್ತಿದ್ದವು. ಫಿಸ್ಟುಲಾದಲ್ಲಿ ಹೊರಗಿನ ವಸ್ತುವೇ ಇಲ್ಲ. ನಿಮ್ಮದೇ ಧಮನಿಯನ್ನು ನಿಮ್ಮದೇ ಅಭಿಧಮನಿಗೆ ಸೇರಿಸುತ್ತಾರೆ, ಮೇಲೆ ನಿಮ್ಮದೇ ಚರ್ಮ. ಸೋಂಕು ಎಲ್ಲಕ್ಕಿಂತ ಕಡಿಮೆ ಇದರಲ್ಲಿ. ಕೃತಕ ನಾಳದ ಗ್ರಾಫ್ಟ್ ನಡುವಿನದು. ಪರ್ಮ್‌ಕ್ಯಾತ್, ಅಂದರೆ ಬಹಳ ಕಾಲ ಇರಲೆಂದು ಹಾಕುವ ಲೈನ್, ಅದಕ್ಕಿಂತ ಅಪಾಯ. ತಾತ್ಕಾಲಿಕ ಲೈನ್, ಅದರಲ್ಲೂ ತೊಡೆಯದ್ದು, ದಿನಗಳ ಲೆಕ್ಕಕ್ಕೆ ಇರುವಂಥದ್ದು. ಅದನ್ನು ತಿಂಗಳುಗಟ್ಟಲೆ ಎಳೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಹಿಂಡಿದಂತಾಗುತ್ತದೆ.

ಫಿಸ್ಟುಲಾ ಮಾಗಲು ಒಂದೂವರೆ ಎರಡು ತಿಂಗಳಾದರೂ ಬೇಕು. ಲೈನ್ ಕೆಟ್ಟ ಮೇಲೆ ಯೋಚಿಸೋಣ ಅಂದರೆ ಆಗುವುದಿಲ್ಲ. ಕೆಲವರ ರಕ್ತನಾಳ ಫಿಸ್ಟುಲಾಕ್ಕೆ ಒದಗುವುದಿಲ್ಲ, ನಿಜ. ಅದನ್ನು ಸರ್ಜನ್ ನೋಡಿ ಹೇಳಲಿ.

ಲೈನ್ ಇದೆ. ಸ್ನಾನ ಹೇಗೆ? ಇನ್ನೇನು ಎಚ್ಚರಿಕೆ?

ತಲೆ ಮೇಲೆ ನೀರು ಸುರಿದುಕೊಳ್ಳುವುದು ಬೇಡ. ಸೊಂಟದ ಕೆಳಗೆ ಸ್ನಾನ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಕೆರೆ, ಹೊಳೆ, ಪುಣ್ಯಸ್ನಾನ ಯಾವುದೂ ಬೇಡ. ಡ್ರೆಸ್ಸಿಂಗ್ ಒದ್ದೆಯಾದರೆ ಅಥವಾ ಬಿಚ್ಚಿಕೊಂಡರೆ ಮುಂದಿನ ಡಯಾಲಿಸಿಸ್ ತನಕ ಕಾಯದೆ ಹೋಗಿ ಬದಲಾಯಿಸಿಕೊಳ್ಳಿ. ಕುಂಕುಮ, ವಿಭೂತಿ, ಪೌಡರ್ ಆ ಕಡೆ ಸುಳಿಯಬಾರದು.

ಲೈನ್ ಮುಚ್ಚಳ ತೆಗೆಯುವಾಗ ನಿಮ್ಮ ಮುಖಕ್ಕೂ ಸಿಸ್ಟರ್ ಮುಖಕ್ಕೂ ಮಾಸ್ಕ್ ಇರಬೇಕು. ಅವರು ಕೈ ತೊಳೆದು ಹೊಸ ಗ್ಲೌಸ್ ಹಾಕಿಕೊಂಡು, ಲೈನ್ ಬಾಯಿಯನ್ನು ಔಷಧಿಯಿಂದ ಉಜ್ಜಿ ಒಣಗಲು ಬಿಡಬೇಕು. ಆ ಲೈನ್‌ನಿಂದ ಬೇರೆ ರಕ್ತ ತೆಗೆಯುವುದು, ಡ್ರಿಪ್ ಹಾಕುವುದು ಬೇಡ ಎಂದು ಬೇರೆ ಆಸ್ಪತ್ರೆಯಲ್ಲೂ ಹೇಳಿ. "ಸಿಸ್ಟರ್, ಗ್ಲೌಸ್ ಬದಲಾಯಿಸಿದ್ರಾ?" ಎಂದು ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಕೇಳಿ. ಬೈದರೆ ಬೈಸಿಕೊಳ್ಳಿ.

ಫಿಸ್ಟುಲಾ ಇರುವವರು ಸೂಜಿ ಚುಚ್ಚುವ ಮೊದಲು ಆ ಕೈಯನ್ನು ಸೋಪು ಹಚ್ಚಿ ತೊಳೆದುಕೊಂಡು ಬಂದು ಕೂರಿ. ಇಷ್ಟು ಅಗ್ಗದ ಔಷಧಿ ಇನ್ನೊಂದಿಲ್ಲ.

ಮಷೀನ್ ಶುರುವಾದ ಅರ್ಧ ಗಂಟೆಗೆ ಚಳಿ, ನಡುಕ. ಒಂದು ಇಂಜೆಕ್ಷನ್ ಕೊಟ್ಟು ಕಂಬಳಿ ಹೊದಿಸಿದರು. ಸಾಕಾ?

ಸಾಲದು. ಲೈನ್ ಇರುವವರಿಗೆ ಹೀಗಾದರೆ ಬೇರೆ ಕಾರಣ ಸಿಗುವ ತನಕ ಅದು ಲೈನ್ ಸೋಂಕು ಎಂದೇ ಹಿಡಿಯಬೇಕು. ಪೈಪಿನೊಳಗೆ ಕೂತಿದ್ದ ಬ್ಯಾಕ್ಟೀರಿಯಾ ಪಂಪ್ ಓಡಿದ ಕೂಡಲೇ ರಕ್ತಕ್ಕೆ ಹರಿಯುತ್ತವೆ, ಅದಕ್ಕೇ ನಡುಕ. ಆಂಟಿಬಯಾಟಿಕ್ ಕೊಡುವ ಮೊದಲೇ ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯಬೇಕು. ಔಷಧಿ ಕೊಟ್ಟು ಆಮೇಲೆ ತೆಗೆದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಆಗ ಯಾವ ರೋಗಾಣು, ಯಾವ ಔಷಧಿ ಕೇಳುತ್ತದೆ ಎಂಬುದು ಕುರುಡರು ಆನೆ ಮುಟ್ಟಿದ ಹಾಗಾಗುತ್ತದೆ.

ಒಂದೇ ಶಿಫ್ಟ್‌ನಲ್ಲಿ ಇಬ್ಬರು ಮೂವರಿಗೆ ನಡುಕ ಬಂದರೆ ಲೆಕ್ಕ ಬೇರೆ. ಆಗ ನೀರಿನ ಮೇಲೆ ಅನುಮಾನ ಬರಬೇಕು. ಡಯಾಲಿಸಿಸ್ ದ್ರವ ನಿಮಿಷಕ್ಕೆ 500 ಮಿಲಿಲೀಟರ್ ಓಡುತ್ತದೆ. ನಾಲ್ಕು ಗಂಟೆಗೆ 120 ಲೀಟರ್ ಆಯಿತು. ಅಷ್ಟು ನೀರಿಗೂ ನಿಮ್ಮ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ. ಆರ್‌ಓ ನೀರಿನಲ್ಲಿ ಸತ್ತ ಬ್ಯಾಕ್ಟೀರಿಯಾದ ವಿಷ ಉಳಿದಿದ್ದರೂ ಜ್ವರ, ನಡುಕ ಬರುತ್ತದೆ. ನೀರಿನ ಪರೀಕ್ಷೆ ಯಾವಾಗ ಮಾಡಿಸಿದ್ದು ಎಂದು ಕೇಳುವ ಹಕ್ಕು ನಿಮಗಿದೆ.

ಹೆಪಟೈಟಿಸ್ ಬಿ ಲಸಿಕೆ ಎಲ್ಲರಿಗೆ ಮೂರು, ನನಗೆ ಮಾತ್ರ ನಾಲ್ಕು, ಅದೂ ಡಬಲ್. ಯಾಕೆ?

ಮೇಲೆ ಹೇಳಿದ ವಯಸ್ಸಾದ ಟಿ ಕೋಶಗಳಿಗೆ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಜೋರಾಗಿ ಹೇಳಬೇಕು. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಈ ಲಸಿಕೆ ಹಿಡಿಯುತ್ತದೆ. ಡಯಾಲಿಸಿಸ್‌ನವರಲ್ಲಿ ಸುಮಾರು ಅರುವತ್ತು ಮಂದಿಗೆ, ಕೆಲವು ಕಡೆ ಅದಕ್ಕೂ ಕಡಿಮೆ. ಅದಕ್ಕೇ 20ರ ಬದಲು 40 ಮೈಕ್ರೋಗ್ರಾಂ. ಸಾಮಾನ್ಯವಾಗಿ 0, 1, 2 ಮತ್ತು 6ನೇ ತಿಂಗಳಲ್ಲಿ ಕೊಡುತ್ತಾರೆ. ಚುಚ್ಚುವುದು ತೋಳಿನ ಮೇಲ್ಭಾಗದ ಸ್ನಾಯುವಿಗೆ, ಕುಂಡಿಗಲ್ಲ. ಅಲ್ಲಿ ಕೊಟ್ಟರೆ ಕೊಬ್ಬಿನಲ್ಲಿ ಉಳಿದು ವ್ಯರ್ಥ. ಫಿಸ್ಟುಲಾ ಇಲ್ಲದ ತೋಳು ಕೊಡಿ.

ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಪರೀಕ್ಷೆ ಮಾಡಿಸಿ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯ ಎಷ್ಟಿದೆ ಎಂದು ಅದು ಹೇಳುತ್ತದೆ. 10ಕ್ಕಿಂತ ಮೇಲಿದ್ದರೆ ಹಿಡಿದಿದೆ ಎಂದರ್ಥ. ವರ್ಷಕ್ಕೊಮ್ಮೆ ಮತ್ತೆ ನೋಡಬೇಕು, ಇಳಿದಿದ್ದರೆ ಬೂಸ್ಟರ್. ಕಿಡ್ನಿ ಕಾಯಿಲೆ ಇದೆ ಎಂದು ಗೊತ್ತಾದ ಆರಂಭದಲ್ಲೇ ಹಾಕಿಸಿಕೊಂಡರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಒಂದು ಸಣ್ಣ ವಿಷಯ. ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಪರೀಕ್ಷೆ (ಹೆಪಟೈಟಿಸ್ ಬಿ ಸೋಂಕು ಇದೆಯೇ ಎಂದು ನೋಡುವುದು) ಮಾಡಿದರೆ ಲಸಿಕೆಯದ್ದೇ ಅಂಶ ಸಿಕ್ಕಿ ಪಾಸಿಟಿವ್ ತೋರಿಸಬಹುದು. ಮನೆಯಲ್ಲಿ ರಂಪ ಮಾಡಿಕೊಳ್ಳುವ ಮೊದಲು ತಾರೀಕು ನೋಡಿ.

ಬೇರೆ ಯಾವ ಲಸಿಕೆ ಬೇಕು?

ವರ್ಷಕ್ಕೊಂದು ಫ್ಲೂ ಲಸಿಕೆ, ನ್ಯೂಮೋಕಾಕಲ್ ಲಸಿಕೆ, ಕೋವಿಡ್‌ದು ಡಾಕ್ಟರು ಹೇಳಿದಂತೆ. ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ, ಎರಡು ಡೋಸ್. ಬೆಲೆ ಮಾತ್ರ ಕೈ ಸುಡುತ್ತದೆ.

ಸರ್ಪಸುತ್ತು ಆಗಿದೆ. ಊರಲ್ಲಿ ಕೆಮ್ಮಣ್ಣು ಹಚ್ಚುತ್ತಾರೆ. ಅದು ಸಾಕಲ್ವಾ?

ಸಾಲದು. ಗುಳ್ಳೆ ಒಡೆದ ಚರ್ಮದ ಮೇಲೆ ಮಣ್ಣು ಅಂದರೆ ಇನ್ನೊಂದು ಬಾಗಿಲು ತೆರೆದ ಹಾಗೆ. ಗುಳ್ಳೆ ಕಂಡ ಎರಡು ಮೂರು ದಿನದೊಳಗೆ ಡಾಕ್ಟರ ಹತ್ತಿರ ಹೋಗಿ. ಹೋದಾಗ ಮೊದಲ ಮಾತೇ "ನಾನು ಡಯಾಲಿಸಿಸ್‌ನಲ್ಲಿದ್ದೇನೆ" ಎಂದಿರಲಿ. ಇದಕ್ಕೆ ಕೊಡುವ ಅಸೈಕ್ಲೋವಿರ್ ಕಿಡ್ನಿಯ ಮೂಲಕ ಹೊರಹೋಗುವ ಔಷಧಿ. ಎಲ್ಲರಿಗೆ ಕೊಡುವ ಡೋಸ್ ನಿಮಗೆ ಕೊಟ್ಟರೆ ಅದು ಮೈಯಲ್ಲೇ ಉಳಿದು ತಲೆಗೇರುತ್ತದೆ. ಇಲ್ಲದ್ದು ಕಾಣುವುದು, ಅಸಂಬದ್ಧ ಮಾತು ಶುರುವಾಗುತ್ತದೆ. ಮನೆಯವರು ದೆವ್ವ ಹಿಡಿಯಿತು ಅಂದುಕೊಂಡರೆ ತಪ್ಪು ಅವರದ್ದಲ್ಲ.

ಪಕ್ಕದ ಮಷೀನ್‌ನವರಿಗೆ ಹೆಪಟೈಟಿಸ್ ಸಿ ಇದೆಯಂತೆ. ನನಗೂ ಬರುತ್ತದಾ?

ಗಾಳಿಯಲ್ಲಿ ಬರುವುದಿಲ್ಲ. ರಕ್ತದ ಹನಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದರೆ ಬರುತ್ತದೆ. ದಾಟಿಸುವುದು ಸಾಮಾನ್ಯವಾಗಿ ಮಷೀನ್ ಅಲ್ಲ, ತೊಳೆಯದ ಕೈ, ಬದಲಾಯಿಸದ ಗ್ಲೌಸ್, ಇಬ್ಬರಿಗೆ ಬಳಸಿದ ಔಷಧಿ ಬಾಟಲಿ. ಹೆಪಟೈಟಿಸ್ ಬಿ ವೈರಸ್ ಅಂತೂ ಒಣಗಿದ ರಕ್ತದ ಕಲೆಯಲ್ಲಿ ಏಳು ದಿನ ಬದುಕಿರುತ್ತದೆ. ಅದಕ್ಕೇ ಬಿ ಇರುವವರಿಗೆ ಬೇರೆ ಕೋಣೆ, ಬೇರೆ ಮಷೀನ್.

ಹೆಪಟೈಟಿಸ್ ಸಿ ಕಾಯಿಲೆಗೆ ಲಸಿಕೆ ಇಲ್ಲ, ಆದರೆ ಮದ್ದಿದೆ. ಸೋಫೋಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಮಾತ್ರೆಯನ್ನು 12 ವಾರ ತೆಗೆದುಕೊಂಡರೆ ಬಹುತೇಕರಿಗೆ ವಾಸಿ. ಡಯಾಲಿಸಿಸ್‌ನವರೂ ತೆಗೆದುಕೊಳ್ಳಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಉಚಿತವಾಗಿ ಕೊಡುತ್ತಾರೆ. ಪಕ್ಕದವರನ್ನು ದೂರ ಇಡಬೇಡಿ, ಈ ವಿಷಯ ಅವರಿಗೂ ಹೇಳಿ.

ತಿಂಗಳಿಂದ ಸಂಜೆ ಸಣ್ಣ ಜ್ವರ, ತೂಕ ಇಳಿಯುತ್ತಿದೆ. ಕೆಮ್ಮಿಲ್ಲ. ಆದರೂ ಟಿಬಿ ಪರೀಕ್ಷೆ ಬರೆದಿದ್ದಾರೆ.

ಸರಿಯಾಗೇ ಬರೆದಿದ್ದಾರೆ. ಟಿಬಿ ರೋಗಾಣುವನ್ನು ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಗೋಡೆ ಕಟ್ಟಿ ಕೂಡಿಹಾಕುವುದು ಟಿ ಕೋಶಗಳ ಕೆಲಸ. ಅವು ಸೊರಗಿದರೆ ಗೋಡೆ ಬಿರುಕು ಬಿಡುತ್ತದೆ. ಡಯಾಲಿಸಿಸ್‌ನವರಲ್ಲಿ ಟಿಬಿ ಎಷ್ಟೋ ಪಟ್ಟು ಹೆಚ್ಚು. ಅದೂ ಶ್ವಾಸಕೋಶದ ಹೊರಗೆ ಜಾಸ್ತಿ. ಕುತ್ತಿಗೆಯ ಗಂಟು, ಹೊಟ್ಟೆಯ ಪೊರೆ, ಶ್ವಾಸಕೋಶದ ಸುತ್ತ ನೀರು. ಕೆಮ್ಮೇ ಇರುವುದಿಲ್ಲ.

ಕೈಗೆ ಚುಚ್ಚಿ ನೋಡುವ ಪರೀಕ್ಷೆ ನೆಗೆಟಿವ್ ಬಂದರೆ ನೆಮ್ಮದಿ ಬೇಡ. ಆ ಊತ ಬರಿಸಬೇಕಾದವೂ ಇದೇ ಸೊರಗಿದ ಟಿ ಕೋಶಗಳು. ಸುಸ್ತು, ಊಟ ಸೇರದಿರುವುದು, ತೂಕ ಇಳಿಯುವುದು ಕಿಡ್ನಿ ಕಾಯಿಲೆಯಲ್ಲೂ ಇರುವುದರಿಂದ ಇದು ತಿಂಗಳುಗಟ್ಟಲೆ ಮರೆಯಲ್ಲಿ ಕೂರುತ್ತದೆ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೈರಜಿನಮೈಡ್, ಎಥಾಂಬುಟಾಲ್ ಎರಡನ್ನು ಡಯಾಲಿಸಿಸ್‌ನವರಿಗೆ ವಾರಕ್ಕೆ ಮೂರು ದಿನ, ಡಯಾಲಿಸಿಸ್ ಮುಗಿದ ಮೇಲೆ ಕೊಡುವುದು ವಾಡಿಕೆ. ಟಿಬಿ ಕೇಂದ್ರಕ್ಕೂ ಕಿಡ್ನಿ ಡಾಕ್ಟರಿಗೂ ನಡುವೆ ಚೀಟಿ ಒಯ್ಯುವ ಕೆಲಸ ನಿಮ್ಮದೇ ಆಗುತ್ತದೆ, ಬೇಸರಿಸಬೇಡಿ.

ಇಮ್ಯುನಿಟಿಗೆ ಅಮೃತಬಳ್ಳಿ ಕಷಾಯ, ನೋನಿ ಜ್ಯೂಸ್ ಕುಡಿಯಬಹುದಾ?

ಬೇಡ. ನೋನಿ ಜ್ಯೂಸ್‌ನಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದನ್ನು ಹೊರಹಾಕಲು ನಿಮ್ಮ ಕಿಡ್ನಿಗೆ ಆಗುವುದಿಲ್ಲ, ಹೃದಯ ನಿಲ್ಲಬಹುದು. ಅಮೃತಬಳ್ಳಿ ತೆಗೆದುಕೊಂಡ ಕೆಲವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು 2021ರಲ್ಲಿ ಮುಂಬೈ ವೈದ್ಯರು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರಿಗಿರಲಿ, ಕಿಡ್ನಿ ಇಲ್ಲದವರು ಅದರ ಪ್ರಯೋಗಕ್ಕೆ ಮೈ ಕೊಡುವುದು ಬೇಡ.

ಜ್ವರ ಬಂದರೆ ಎಳನೀರು ಕೊಡುವುದು ನಮ್ಮಲ್ಲಿ ಪ್ರೀತಿಯ ರೂಢಿ. ಡಯಾಲಿಸಿಸ್‌ನವರಿಗೆ ಅದೂ ಪೊಟ್ಯಾಸಿಯಂ. ಕರಾವಳಿಯವರಿಗೆ ಇನ್ನೊಂದು ಮಾತು: ದಾರೆಹುಳಿ, ಪೇಟೆಯಲ್ಲಿ ಸ್ಟಾರ್ ಫ್ರೂಟ್ ಅನ್ನುತ್ತಾರೆ, ಒಂದು ಹೋಳೂ ಬೇಡ. ಅದರಲ್ಲಿರುವ ನರವಿಷ ಕಿಡ್ನಿ ಇಲ್ಲದವರಲ್ಲಿ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗುತ್ತದೆ. ಪ್ರಾಣ ಹೋದವರೂ ಇದ್ದಾರೆ.

ಹಾಗಾದರೆ ಏನು ತಿಂದರೆ ಶಕ್ತಿ ಬರುತ್ತದೆ?

ಪ್ರೋಟೀನ್. ಡಯಾಲಿಸಿಸ್‌ಗೆ ಮೊದಲು "ಬೇಳೆ ಮೊಟ್ಟೆ ಕಡಿಮೆ ಮಾಡಿ" ಅಂದಿದ್ದರು, ಈಗ ಉಲ್ಟಾ. ಒಂದೊಂದು ಡಯಾಲಿಸಿಸ್‌ನಲ್ಲೂ 6ರಿಂದ 12 ಗ್ರಾಂನಷ್ಟು ಅಮೈನೋ ಆಮ್ಲ ನೀರಿನ ಜೊತೆ ಹೋಗುತ್ತದೆ. ದಿನಕ್ಕೆ ದೇಹದ ತೂಕದ ಕಿಲೋ ಒಂದಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯ ಬಿಳಿಯಲ್ಲಿ ಸುಮಾರು ಮೂರೂವರೆ ಗ್ರಾಂ ಇರುತ್ತದೆ, ಲೆಕ್ಕ ಹಾಕಿ. ಬರೀ ಅನ್ನ, ತಿಳಿಸಾರಿನಲ್ಲಿ ಈ ಲೆಕ್ಕ ಮುಟ್ಟುವುದಿಲ್ಲ. ಸಸ್ಯಾಹಾರಿಗಳು ಡಯಟೀಷಿಯನ್ ಹತ್ತಿರ ಕೂತು ಬೇಳೆ, ಪನೀರ್, ಮೊಸರು ಎಷ್ಟು ಎಂದು ಬರೆಸಿಕೊಳ್ಳಿ, ಯಾಕೆಂದರೆ ಅವುಗಳ ಜೊತೆ ಫಾಸ್ಫರಸ್ಸೂ ಬರುತ್ತದೆ.

ಜ್ವರಕ್ಕೆ ಮೆಡಿಕಲ್ ಶಾಪ್‌ನಿಂದ ಆಂಟಿಬಯಾಟಿಕ್ ತಂದುಕೊಂಡರೆ?

ಪ್ಯಾರಸಿಟಮಾಲ್ ಒಂದು ತೆಗೆದುಕೊಳ್ಳಿ, ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ. ಅಷ್ಟೇ. ಡಯಾಲಿಸಿಸ್‌ನವರಿಗೆ ಎಷ್ಟೋ ಆಂಟಿಬಯಾಟಿಕ್‌ಗಳ ಡೋಸ್ ಬೇರೆ, ಸಮಯ ಬೇರೆ. ಡಯಾಲಿಸಿಸ್‌ಗೆ ಮೊದಲು ತೆಗೆದುಕೊಂಡರೆ ಕೆಲವು ಔಷಧಿ ಮಷೀನ್‌ನಲ್ಲೇ ತೊಳೆದುಹೋಗುತ್ತದೆ. ಜೆಂಟಾಮೈಸಿನ್ ಜಾಸ್ತಿಯಾದರೆ ಕಿವಿ ಹೋಗುತ್ತದೆ, ಸೆಫೆಪೈಮ್ ಜಾಸ್ತಿಯಾದರೆ ಮೆದುಳು ಮಂಕಾಗುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಉಳಿದಿರುವ ಚೂರುಪಾರು ಮೂತ್ರವನ್ನೂ ನಿಲ್ಲಿಸಬಹುದು.

ಐರನ್ ಇಂಜೆಕ್ಷನ್‌ನಿಂದ ಸೋಂಕು ಜಾಸ್ತಿಯಾಗುತ್ತದೆ ಅಂತ ಯಾರೋ ಹೇಳಿದರು.

ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು, ಅದರಿಂದ ಬಂದ ಭಯ. ಸೋಂಕು ಜೋರಾಗಿರುವಾಗ ಕೊಡುವುದಿಲ್ಲ, ಗುಣವಾದ ಮೇಲೆ ಮುಂದುವರಿಸುತ್ತಾರೆ. ಬ್ರಿಟನ್ನಿನಲ್ಲಿ 2,141 ಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ರಕ್ತ ಪರೀಕ್ಷೆ) ನೋಡಿಕೊಂಡು ಧಾರಾಳವಾಗಿ ಐರನ್ ಕೊಟ್ಟವರಿಗೂ ಕಡಿಮೆ ಕೊಟ್ಟವರಿಗೂ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಸೋಂಕು ಕಡಿಮೆಯಾ?

ರಕ್ತಕ್ಕೆ ಹೋಗುವ ಸೋಂಕು ಕಡಿಮೆ, ಹೊಟ್ಟೆಯ ಪೊರೆಯ ಸೋಂಕಿನ ಭಯ ಇದೆ. ಹೊರಬರುವ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದ್ದರೆ ಆ ಚೀಲವನ್ನು ಚೆಲ್ಲದೆ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ, ಹೊಟ್ಟೆನೋವು ಬರಲಿ ಎಂದು ಕಾಯಬೇಡಿ.

ಕಿಡ್ನಿ ಕಸಿ ಆದರೆ ಬಿಳಿ ಕಣ ಸರಿಹೋಗುತ್ತವಾ?

ಕಸ ಕಡಿಮೆಯಾಗುವುದರಿಂದ ನ್ಯೂಟ್ರೋಫಿಲ್‌ಗಳಿಗೆ ಜೀವ ಬರುತ್ತದೆ. ಆದರೆ ಮುದಿಯಾದ ಟಿ ಕೋಶಗಳು ಹರೆಯಕ್ಕೆ ಮರಳುವುದಿಲ್ಲ. ಮೇಲಾಗಿ ಹೊಸ ಕಿಡ್ನಿಯನ್ನು ದೇಹ ತಳ್ಳದಿರಲಿ ಎಂದು ಕೊಡುವ ಮಾತ್ರೆಗಳು ಇರುವ ಶಕ್ತಿಯನ್ನೂ ಬೇಕೆಂದೇ ತಗ್ಗಿಸುತ್ತವೆ. ಹಾಗಿದ್ದೂ ಆಯಸ್ಸಿನ ಲೆಕ್ಕದಲ್ಲಿ ಕಸಿಯೇ ಮೇಲು. ಕಸಿಯ ಪಟ್ಟಿಯಲ್ಲಿ ಹೆಸರಿದ್ದರೆ ಲಸಿಕೆಗಳನ್ನು ಈಗಲೇ ಮುಗಿಸಿಕೊಳ್ಳಿ. ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿ ಆದ ಮೇಲೆ ಕೊಡುವ ಹಾಗಿಲ್ಲ.

ಮದುವೆ, ಜಾತ್ರೆಗೆ ಹೋಗಬಹುದಾ? ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ?

ಹೋಗಿ. ಮನೆಯಲ್ಲೇ ಕೂತು ಕೊರಗಿದರೆ ಬಿಳಿ ಕಣ ಏರುವುದಿಲ್ಲ. ಜನ ಜಾಸ್ತಿ ಇದ್ದರೆ ಮಾಸ್ಕ್ ಹಾಕಿಕೊಳ್ಳಿ, ಬಿಸಿ ಬಿಸಿ ಇದ್ದದ್ದನ್ನು ಮಾತ್ರ ತಿನ್ನಿ, ಪಾನಕ ಮಜ್ಜಿಗೆಯನ್ನೂ ಕುಡಿಯುವ ನೀರಿನ ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಮೊಮ್ಮಗುವಿಗೆ ಜ್ವರ, ಕೆಮ್ಮು, ಚಿಕನ್ ಪಾಕ್ಸ್ ಇದ್ದರೆ ವಾಸಿಯಾಗುವ ತನಕ ದೂರವಿರಿ. ಚೆನ್ನಾಗಿದ್ದರೆ ಕೈ ತೊಳೆದುಕೊಂಡು ಎತ್ತಿಕೊಳ್ಳಿ. ಫಿಸ್ಟುಲಾ ಇರುವ ಕೈಯ ಮೇಲೆ ತಲೆ ಇಟ್ಟು ಮಲಗಿಸಬೇಡಿ, ಇನ್ನೊಂದು ಕೈಗೆ ಹಾಕಿಕೊಳ್ಳಿ. ಕುತ್ತಿಗೆಯಲ್ಲಿ ಲೈನ್ ಇದ್ದರೆ ಮೊದಲು ಅಂಗಿಯ ಗುಂಡಿ ಹಾಕಿ ಮುಚ್ಚಿಕೊಳ್ಳಿ, ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆಯುತ್ತವೆ.